ಮೇಸ್ತ್ರಿಯ ಅಂಗಾಲು

ಕರಗದ ರಾತ್ರಿ ಬೆಂಗಳೂರಿನ ಅಕ್ಕಿಪೇಟೆಯಲ್ಲಿ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಚೈತ್ರದ ಹುಣ್ಣಿಮೆ. ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಅದು ಊರು ಸುತ್ತಿ ನಮ್ಮ ಪೇಟೆಗೆ ಬಂದು, ಇಲ್ಲಿಂದ ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾದ ಕಡೆ ತಿರುಗುವಷ್ಟರಲ್ಲಿ ಬೆಳಗಿನ ಜಾವವಾಗಿರುತ್ತಿತ್ತು. ಅಲ್ಲಿಯ ತನಕ ಎಚ್ಚರವಾಗಿರಬೇಕಲ್ಲ! ಬೀದಿಗೆ ನೀರು ಹಾಕಿ ರಂಗೋಲಿ ಬಿಟ್ಟಾಗಿರುತ್ತಿತ್ತು. ಮಲ್ಲಿಗೆ ಹೂವಿನ ಬುಟ್ಟಿ ಹೊಸ್ತಿಲ ಪಕ್ಕದಲ್ಲಿರುತ್ತಿತ್ತು. ಮಾಗಡಿ, ಕುಣಿಗಲ್, ಹೊಸಕೋಟೆ ಕಡೆಯಿಂದ ಬಂದ ನೆಂಟರು ಸಂಜೆಯಿಂದ ಊರೆಲ್ಲ ಅಲೆದು ಕಾಲು ಚಾಚಿ ಕೂತಿರುತ್ತಿದ್ದರು. ಆ ಕಾಲುಗಳೇ ನಮ್ಮ ದೊಡ್ಡಪ್ಪನಿಗೆ ಹಬ್ಬ.

ದೊಡ್ಡಪ್ಪ ತರಗುಪೇಟೆಯ ಅಕ್ಕಿ ಮಂಡಿಯೊಂದರಲ್ಲಿ ಗುಮಾಸ್ತರು. ಹಗಲೆಲ್ಲ ಲೆಕ್ಕದ ಪುಸ್ತಕ. ಸಂಜೆ ಮನೆಗೆ ಬಂದು ಮುಖ ತೊಳೆದು ಕಾಫಿ ಕುಡಿದರೆಂದರೆ ಜಗುಲಿಯ ಮೇಲೆ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಬೀದಿಯವರು ಯಾರಾದರೂ ಬಂದು ಕೂರುತ್ತಿದ್ದರು. ಇವರು ತೊಡೆಯ ಮೇಲೆ ಟವೆಲು ಹಾಸಿ, ಅವರ ಕಾಲನ್ನು ಎತ್ತಿಟ್ಟುಕೊಂಡು, ಹೆಬ್ಬೆರಳಿನಿಂದ ಅಂಗಾಲನ್ನು ಅಂಗುಲ ಅಂಗುಲವಾಗಿ ಒತ್ತುತ್ತಾ ಹೋಗುತ್ತಿದ್ದರು. ‘ಪಾಯಿಂಟ್ ಒತ್ತೋದು’ ಅಂತ ನಮ್ಮ ಬೀದಿಯಲ್ಲಿ ಅದಕ್ಕೆ ಹೆಸರು. ದುಡ್ಡು ಮುಟ್ಟುತ್ತಿರಲಿಲ್ಲ, ಜಾತಿ ಕೇಳುತ್ತಿರಲಿಲ್ಲ. ಕಂಡಕಂಡವರ ಕಾಲು ಹಿಡಿಯುವುದೇನು ಅಂತ ಅಜ್ಜಿ ಮೊದಮೊದಲು ಗೊಣಗುತ್ತಿದ್ದರು. ಮಂಡಿನೋವಿನ ರಾತ್ರಿಗಳಲ್ಲಿ ದೊಡ್ಡಪ್ಪ ಅವರ ಕಾಲನ್ನೂ ಒತ್ತಿ ನಿದ್ದೆ ಬರಿಸಿದ ಮೇಲೆ ಆ ಮಾತು ನಿಂತಿತು.

ಈ ವಿದ್ಯೆ ನಮ್ಮ ಮನೆಗೆ ಬಂದದ್ದು ಎದುರು ಸಾಲಿನ ಗುಜರಾತಿ ಸೇಠರ ಮನೆಯಿಂದ. ಚಿಕ್ಕಪೇಟೆಯಲ್ಲಿ ಅವರದ್ದು ಬಟ್ಟೆ ವ್ಯಾಪಾರ. ಅವರ ಮನೆಯಲ್ಲಿ ಕಂಚಿನದೊಂದು ಪುಟ್ಟ ಬಟ್ಟಲಿತ್ತು. ಮೈ ಕಾವೇರಿದಾಗ, ಕಣ್ಣುರಿ ಬಂದಾಗ ಅಂಗಾಲಿಗೆ ತುಪ್ಪ ಸವರಿ, ಆ ಬಟ್ಟಲಿನ ತಳದಿಂದ ತುಪ್ಪ ಕಪ್ಪಾಗುವ ತನಕ ಉಜ್ಜುತ್ತಿದ್ದರು. ಆ ಕಾಲಕ್ಕೆ, ಅಂದರೆ ಎಂಬತ್ತರ ದಶಕದಲ್ಲಿ, ಮುಂಬೈನ ದೇವೇಂದ್ರ ವೋರಾ ಬರೆದ ‘ಹೆಲ್ತ್ ಇನ್ ಯುವರ್ ಹ್ಯಾಂಡ್ಸ್’ ಪುಸ್ತಕ ಗುಜರಾತಿ, ಮಾರವಾಡಿ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಸೇಠರು ಅದನ್ನು ದೊಡ್ಡಪ್ಪನಿಗೆ ಓದಲು ಕೊಟ್ಟರು. ಜೊತೆಗೆ ಒತ್ತಲಿಕ್ಕೆ ಮೊನೆಯಿರುವ ಮರದ ತುಂಡೊಂದನ್ನೂ ಕೊಟ್ಟರು. ಅದಕ್ಕೆ ಜಿಮ್ಮಿ ಅಂತ ಹೆಸರು.

ಪುಸ್ತಕ ವಾಪಸು ಕೊಡುವ ಮುಂಚೆ ದೊಡ್ಡಪ್ಪ ಅದರಲ್ಲಿದ್ದ ಅಂಗಾಲಿನ ಚಿತ್ರವನ್ನು ಹಳೆಯ ಲೆಡ್ಜರಿನ ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಂಡರು. ಒಂದೊಂದು ಚುಕ್ಕೆಗೂ ಕನ್ನಡದ ಹೆಸರು ತುಂಬಿ ಗೋಡೆಗೆ ಅಂಟಿಸಿದರು. ಹೆಬ್ಬೆರಳಲ್ಲಿ ಮಿದುಳು, ಉಳಿದ ಬೆರಳುಗಳ ಬುಡದಲ್ಲಿ ಕಣ್ಣು ಕಿವಿ, ಅದರ ಕೆಳಗಿನ ಉಬ್ಬಿನಲ್ಲಿ ಶ್ವಾಸಕೋಶ, ಬಲಗಾಲಲ್ಲಿ ಯಕೃತ್ತು, ಎಡಗಾಲಲ್ಲಿ ಹೃದಯ, ಒಳಅಂಚಿನ ಉದ್ದಕ್ಕೂ ಬೆನ್ನುಮೂಳೆ, ಕಿರುಬೆರಳಿನ ಬುಡದ ಹೊರಅಂಚಿನಲ್ಲಿ ಭುಜ. ಆ ಹಾಳೆಯ ಮುಂದೆ ನಿಂತು ಮೈಯೆಲ್ಲ ಎರಡು ಪಾದಗಳಲ್ಲಿ ಮಡಿಸಿಟ್ಟಿರುವುದನ್ನು ನೋಡುವುದು ಹೈಸ್ಕೂಲು ಹುಡುಗನಾಗಿದ್ದ ನನಗೆ ಬಲು ಸೋಜಿಗ.

ಆ ವರ್ಷದ ಕರಗದ ರಾತ್ರಿ ಮೇಸ್ತ್ರಿ ಬಂದರು. ಮೇಸ್ತ್ರಿ ಅಂದರೆ ದೊಡ್ಡಪ್ಪನ ಮಂಡಿಯ ಹಮಾಲಿಗಳ ಮುಖಂಡರು, ಮಾಗಡಿ ಕಡೆಯವರು. ಕ್ವಿಂಟಲ್ ಮೂಟೆಯನ್ನು ಲಾರಿಯಿಂದ ಬೆನ್ನಿಗೆ ಇಳಿಸಿಕೊಂಡು, ಬರಿಗಾಲಲ್ಲಿ ಹಲಗೆ ಹತ್ತಿ, ಅಟ್ಟಿಯ ಮೇಲೆ ಜೋಡಿಸಿ ಬರುತ್ತಿದ್ದ ಆಳು. ವಯಸ್ಸು ಐವತ್ತು ದಾಟಿತ್ತು. ಇತ್ತೀಚೆಗೆ ಸೊರಗಿದ್ದರು.

“ಭುಜ ಇಡ್ಕಂಡೈತೆ ಗುಮಾಸ್ತ್ರೇ. ಒಸಿ ಒತ್ತಿ, ಕರಗ ಬರೋಗಂಟ” ಅಂದರು.

ದೊಡ್ಡಪ್ಪ ಕಾಲು ತೊಳೆಸಿ, ಟವೆಲು ಹಾಸಿ, ಬಲಗಾಲನ್ನು ಎತ್ತಿಟ್ಟುಕೊಂಡರು. ಮೂಟೆ ಹೊತ್ತ ಅಂಗಾಲು ಒಡೆದು ಸೀಳು ಬಿಟ್ಟಿತ್ತು, ಚರ್ಮ ಬೆರಳು ಆಡಿಸಿದರೆ ಕರಕರ ಅನ್ನುವಷ್ಟು ದಪ್ಪ. ಭುಜ ಅಂದಮೇಲೆ ಕಿರುಬೆರಳಿನ ಬುಡ. ಅಲ್ಲಿ ಒತ್ತಿದರೆ ಎಂಥ ಗಟ್ಟಿ ಆಳೂ ಒಮ್ಮೆ ಕಾಲು ಎಳೆದುಕೊಳ್ಳಬೇಕು. ಮೇಸ್ತ್ರಿ ಅಲುಗಲಿಲ್ಲ.

“ನೋವಾದ್ರೆ ಹೇಳಿ.”

“ಒತ್ತಿ, ಏನೂ ಆಯ್ತಿಲ್ಲ. ಈಚೀಚೆಗೆ ಅಂಗೇ ಕಣ್ರೀ, ನಡುದ್ರೆ ಅರಳೆ ಮೇಲೆ ನಡ್ದಂಗಾಯ್ತದೆ.”

ನೆಂಟರ ಹುಡುಗನೊಬ್ಬ, “ಹಮಾಲಿ ಕಾಲು, ಜಿಮ್ಮಿ ತಗೊಂಡು ಒತ್ತಿ” ಅಂದ. ನಾನು ಜಿಮ್ಮಿಯನ್ನು ಎತ್ತಿ ಕೊಡಲೂ ಹೋದೆ. ದೊಡ್ಡಪ್ಪ ಕೈ ಅಡ್ಡ ಹಿಡಿದರು. ಅವರ ಹೆಬ್ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತ್ತು. ಮೇಸ್ತ್ರಿಯ ಕಣ್ಣಿಗೆ ಟವೆಲಿನ ಅಂಚು ಮುಚ್ಚಿ, ಒಂದೊಂದು ಬೆರಳನ್ನೂ ಹಗುರವಾಗಿ ಮುಟ್ಟಿ, “ಯಾವ ಬೆರಳು?” ಅಂತ ಕೇಳಿದರು. ಮೇಸ್ತ್ರಿ ಸುಮ್ಮನಿದ್ದರು. ಆಮೇಲೆ, “ಎಲ್ಲಿ ಮುಟ್ಟಿದ್ರಿ?” ಅಂದರು.

ದೊಡ್ಡಪ್ಪ ಟಾರ್ಚು ತರಿಸಿದರು. ಒದ್ದೆ ಬಟ್ಟೆಯಿಂದ ಆ ಜಾಗವನ್ನು ನಿಧಾನವಾಗಿ ಒರೆಸಿದರು. ಸೀಳಿನ ಒಳಗೆ ಮಣ್ಣಿನಂತೆ ಕಂಡಿದ್ದ ಕಪ್ಪು ಹೋಗಲಿಲ್ಲ, ಬೆಳಕಿಗೆ ಚೂರು ಮಿಂಚಿತು. ಮೂಟೆಯ ಬಾಯಿ ಹೊಲಿಯುವ ಡಬ್ಬಣದ ಮುರಿದ ತುದಿ. ಸುತ್ತಲ ಚರ್ಮ ಊದಿ ಬಿಸಿಯಾಗಿತ್ತು, ಒತ್ತಿದರೆ ಪಕ್ಕದಿಂದ ಹಳದಿ ನೀರು ಬರುತ್ತಿತ್ತು. ಯಾವಾಗ ಚುಚ್ಚಿತ್ತೋ ಮೇಸ್ತ್ರಿಗೇ ತಿಳಿಯದು. ಅದನ್ನು ಹೊತ್ತುಕೊಂಡೇ ಅವರು ಮೂಟೆ ಹತ್ತಿಸುತ್ತಿದ್ದರು.

ಯಾರೋ ಇಕ್ಕಳ ತರಲು ಎದ್ದರು. ದೊಡ್ಡಪ್ಪ ಬಿಡಲಿಲ್ಲ. “ಇದು ನಾನು ಮುಟ್ಟೋ ಕೆಲಸ ಅಲ್ಲ. ವಿಕ್ಟೋರಿಯಾಕ್ಕೆ ಹೋಗೋಣ, ಏಳಿ” ಅಂದರು.

“ಕರಗ ನೋಡ್ಕಂಡು ಓಗಾನ ಗುಮಾಸ್ತ್ರೇ.”

“ದಾರೀಲಿ ನೋಡೋಣ, ಏಳಿ.”

ಬೀದಿ ತುಂಬ ಜನ, ಆಟೋ ಎಲ್ಲಿಂದ ಬರಬೇಕು? ಪಕ್ಕದ ಗೋದಾಮಿನ ಕೈಗಾಡಿ ತಂದು, ಗೋಣಿಚೀಲ ಹಾಸಿ, ಮೇಸ್ತ್ರಿಯನ್ನು ಕೂರಿಸಿ, ಒಂದು ಕಡೆ ದೊಡ್ಡಪ್ಪ ಒಂದು ಕಡೆ ನಾನು ತಳ್ಳಿಕೊಂಡು ಹೊರಟೆವು. ಮಾರ್ಕೆಟ್ಟಿನ ಕಡೆ ಹೋಗುವ ತಿರುವಿನಲ್ಲೇ ಎದುರಿನಿಂದ ಗೋವಿಂದ ನಾಮ ಕೇಳಿತು. ಬಿಳಿ ಪಂಚೆ, ಪೇಟ, ಕೈಯಲ್ಲಿ ಕತ್ತಿ ಹಿಡಿದ ವೀರಕುಮಾರರು, ಅವರ ನಡುವೆ ಮಲ್ಲಿಗೆಯ ಗೋಪುರ ಹೊತ್ತ ಕರಗ. ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದೆವು. ಮೇಸ್ತ್ರಿ ಕೂತಲ್ಲೇ ಕೈಮುಗಿದರು. ದೊಡ್ಡಪ್ಪ ಕರಗದ ಕಡೆ ಒಂದು ಗಳಿಗೆ ನೋಡಿ, ಜನ ಸರಿಯುತ್ತಿದ್ದಂತೆ ಗಾಡಿಯ ಮೂಕಿಗೆ ಕೈಹಾಕಿದರು. ವರ್ಷವಿಡೀ ಆ ರಾತ್ರಿಗೆ ಕಾಯುತ್ತಿದ್ದವರು ಅವರು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಕಾಲು ನೋಡಿದವರೇ ಮೊದಲು ಸಕ್ಕರೆ ಪರೀಕ್ಷೆಗೆ ಬರೆದರು. ಸಕ್ಕರೆ ವಿಪರೀತ ಏರಿತ್ತು. ಮೇಸ್ತ್ರಿಗೆ ಸಕ್ಕರೆ ಕಾಯಿಲೆ ಇರುವುದು ಆವತ್ತಿನ ತನಕ ಯಾರಿಗೂ ಗೊತ್ತಿರಲಿಲ್ಲ. ಡಬ್ಬಣದ ತುದಿ ತೆಗೆದರು, ಕೀವು ಮೂಳೆಗೆ ಇಳಿದಿತ್ತೆಂದು ಆಮೇಲೆ ಕಿರುಬೆರಳನ್ನೂ ತೆಗೆಯಬೇಕಾಯಿತು. ಕಾಲು ಉಳಿಯಿತು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳ ಅರಿವು ಹೇಗೆ ತುದಿಯಿಂದ ಸಾಯುತ್ತಾ ಬರುತ್ತದೆ ಎಂಬುದನ್ನು ಆ ಡಾಕ್ಟರು ದೊಡ್ಡಪ್ಪನಿಗೆ ಸಮಾಧಾನವಾಗಿ ವಿವರಿಸಿದರು. ನೋವು ಗೊತ್ತಾಗದಿದ್ದರೆ ಮುಳ್ಳು, ಗಾಜು, ಕೆಂಡ ಯಾವುದೂ ಗೊತ್ತಾಗದು. ಜೊತೆಗೆ ರಕ್ತದ ಓಟವೂ ಕಡಿಮೆ, ಗಾಯ ಮಾಯುವುದಿಲ್ಲ. ಇನ್ನಷ್ಟು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಅಂದರು.

ಮನೆಗೆ ಬಂದ ದೊಡ್ಡಪ್ಪ ಗೋಡೆಯ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಮೇಸ್ತ್ರಿಯ ಭುಜದ ನೋವಿಗೆ ಅಂತ ಆ ಹಾಳೆ ತೋರಿಸಿದ ಜಾಗಕ್ಕೆ ಕೈ ಹೋಯಿತು, ಅಲ್ಲಿ ಡಬ್ಬಣ ಸಿಕ್ಕಿತು. ಬೀದಿಯವರು ಇದನ್ನೇ ಪವಾಡವೆಂದು ಹೇಳಿಕೊಂಡು ತಿರುಗಿದರು. ದೊಡ್ಡಪ್ಪ ಮಾತ್ರ ಒಪ್ಪಲಿಲ್ಲ. “ಹಾಳೆಯ ಪ್ರಕಾರ ಅಲ್ಲಿ ನೋವಾಗಬೇಕಿತ್ತು. ನೋವಾಗಲಿಲ್ಲ ಅಂತಲ್ಲವೇ ನಮಗೆ ಗೊತ್ತಾಗಿದ್ದು?” ಅನ್ನುತ್ತಿದ್ದರು. ಈ ನಕ್ಷೆಯನ್ನು ಮೊದಲು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂಬುದು ಅವರ ತಲೆಯಲ್ಲಿ ಕೂತಿತು. ಭಾನುವಾರ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳ ಮುಂದೆ ಕೂರುವುದು ಶುರುವಾಯಿತು. ಅವರು ಹುಡುಕಿದ್ದು ಸ್ವಲ್ಪ, ಅವರ ನಂತರ ನಾನು ಓದಿ ತಿಳಿದದ್ದು ಸ್ವಲ್ಪ. ಎರಡನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಇದು ಋಷಿಮುನಿಗಳ ಕಾಲದ ವಿದ್ಯೆ ಎಂದು ಹಲವರು ನಂಬಿದ್ದಾರೆ. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಹೋರ್ ಎಂಬಾತನ ಗೋರಿಯ ಗೋಡೆಯ ಮೇಲೆ ಒಬ್ಬರು ಇನ್ನೊಬ್ಬರ ಕೈಕಾಲು ಹಿಡಿದಿರುವ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಚಿತ್ರವಿದೆ, ಅದನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಕಾಲು ಹಿಡಿದಿರುವುದು ನಿಜ. ಅಂಗಾಲಲ್ಲಿ ಯಕೃತ್ತು, ಮೂತ್ರಪಿಂಡಗಳನ್ನು ಗುರುತಿಸಿದ ನಕ್ಷೆ ಅಲ್ಲಿಲ್ಲ. ನಮ್ಮಲ್ಲೂ ಪಾದಾಭ್ಯಂಗ ಬಹು ಹಳೆಯದು. ಪಾದಕ್ಕೆ ಎಣ್ಣೆ ತೀಡಿದರೆ ಒರಟುತನ, ಬಿಗಿತ, ದಣಿವು, ಜೋಮು ಹೋಗುತ್ತದೆ, ಕಣ್ಣು ತಿಳಿಯಾಗುತ್ತದೆ, ವಾತ ಶಮನವಾಗುತ್ತದೆ ಎಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಸುಶ್ರುತ ಎಣಿಸಿದ 107 ಮರ್ಮಗಳಲ್ಲಿ ಅಂಗಾಲಿನ ನಡುವಿನ ತಲಹೃದಯವೂ ಒಂದು. ಅಲ್ಲಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕೆಂಬುದೇ ಆ ಎಣಿಕೆಯ ಮುಖ್ಯ ಉದ್ದೇಶ. ನಮ್ಮ ಆಯುರ್ವೇದದಲ್ಲಿ ಪಾದಕ್ಕೆ ಇಷ್ಟು ಗೌರವವಿದೆ. ಆದರೆ ದೊಡ್ಡಪ್ಪನ ಗೋಡೆಯ ಮೇಲಿದ್ದ ನಕ್ಷೆ ಅದರಿಂದ ಬಂದದ್ದಲ್ಲ.

ಅದು ಬಂದದ್ದು ಅಮೆರಿಕದಿಂದ, ಅದೂ ಇಪ್ಪತ್ತನೇ ಶತಮಾನದಲ್ಲಿ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನಲ್ಲಿ ವಿಲಿಯಂ ಫಿಟ್ಸ್‌ಜೆರಾಲ್ಡ್ ಎಂಬ ಕಿವಿ-ಮೂಗು-ಗಂಟಲಿನ ಸರ್ಜನ್ ಇದ್ದರು. ಮೂಗು ಗಂಟಲಿನ ಸಣ್ಣ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಕೈಬೆರಳು, ಬಾಯಿಯ ಕೆಲವು ಜಾಗಗಳನ್ನು ಬಲವಾಗಿ ಒತ್ತಿದರೆ ನೋವು ಕಡಿಮೆಯಾಗುತ್ತದೆ ಎಂದು ಅವರಿಗೆ ಕಂಡಿತು. ರಬ್ಬರ್ ಬ್ಯಾಂಡು, ಬಟ್ಟೆ ಒಣಗಿಸುವ ಕ್ಲಿಪ್ಪು, ಲೋಹದ ಬಾಚಣಿಗೆ ಇವೇ ಅವರ ಸಾಧನಗಳು. ತಲೆಯಿಂದ ಕಾಲಿನ ತನಕ ದೇಹವನ್ನು ಉದ್ದುದ್ದವಾಗಿ ಹತ್ತು ಪಟ್ಟಿಗಳಾಗಿ, ಬೆರಳಿಗೊಂದರಂತೆ ವಿಂಗಡಿಸಿದರು. ಒಂದು ಪಟ್ಟಿಯಲ್ಲಿ ಎಲ್ಲಿ ಒತ್ತಿದರೂ ಅದೇ ಪಟ್ಟಿಯ ಇನ್ನೊಂದು ಕಡೆ ಪರಿಣಾಮ ಆಗುತ್ತದೆ ಎಂಬುದು ಅವರ ವಾದ. ಎಡ್ವಿನ್ ಬೋವರ್ಸ್ ಜೊತೆ ಸೇರಿ 1917ರಲ್ಲಿ ‘ಝೋನ್ ಥೆರಪಿ’ ಪುಸ್ತಕ ತಂದರು. ಮನೆಯಲ್ಲೇ ನೋವು ಕಳೆದುಕೊಳ್ಳುವ ದಾರಿ ಎಂದು ಅದಕ್ಕೆ ಉಪಶೀರ್ಷಿಕೆ. ವೈದ್ಯಲೋಕ ಒಪ್ಪಲಿಲ್ಲ. ಜೋ ಶೆಲ್ಬಿ ರೈಲಿ ಎಂಬ ವೈದ್ಯರು ಮಾತ್ರ ಅದನ್ನು ಹಿಡಿದು ಬೆಳೆಸಿದರು.

ಪಾದದ ನಕ್ಷೆಯನ್ನು ಈಗ ನಾವು ಕಾಣುವ ರೂಪಕ್ಕೆ ತಂದವರು ರೈಲಿಯವರ ಬಳಿ ಕೆಲಸಕ್ಕಿದ್ದ ಯುನಿಸ್ ಇಂಗಮ್ (1889–1974). ಫಿಸಿಯೋಥೆರಪಿಸ್ಟ್. ನನಗೆ ಈ ಹೆಂಗಸಿನ ಮೇಲೆ ಬಹಳ ಅಭಿಮಾನ. ಮೂವತ್ತರ ದಶಕದಲ್ಲಿ ನೂರಾರು ಜನರ ಪಾದ ಹಿಡಿದು, ಎಲ್ಲಿ ನೋವಿದೆ, ಆ ಮನುಷ್ಯನಿಗೆ ಯಾವ ಕಾಯಿಲೆ ಇದೆ ಎಂದು ಹೋಲಿಸಿ ಬರೆದುಕೊಂಡರು. ಮೊದಲು ನೋವಿನ ಜಾಗಕ್ಕೆ ಹತ್ತಿಯ ಉಂಡೆ ಅಂಟಿಸಿ ನಡೆಯಲು ಹೇಳುತ್ತಿದ್ದರಂತೆ. ಆಮೇಲೆ ಹೆಬ್ಬೆರಳಿನಿಂದಲೇ ಬಿಟ್ಟು ಬಿಟ್ಟು ಒತ್ತುವ ಕ್ರಮ ಕಂಡುಕೊಂಡರು. 1938ರಲ್ಲಿ ‘ಸ್ಟೋರೀಸ್ ದ ಫೀಟ್ ಕ್ಯಾನ್ ಟೆಲ್’ ಪುಸ್ತಕ ಬಂತು. ಮುಂದೆ ದಶಕಗಟ್ಟಲೆ ಅಮೆರಿಕದ ಊರೂರು ತಿರುಗಿ ವೈದ್ಯರಲ್ಲದ ಸಾಮಾನ್ಯ ಜನಕ್ಕೆ ಇದನ್ನು ಕಲಿಸಿದರು. ಅವರ ಶಿಷ್ಯೆ ಡೊರೀನ್ ಬೇಲಿ ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಒಯ್ದರು. ಜರ್ಮನಿಯಲ್ಲಿ ಹನ್ನೆ ಮಾರ್ಕ್ವಾರ್ಟ್ ಬೆಳೆಸಿದರು. ತೈವಾನಿನಲ್ಲಿ ಸ್ವಿಸ್ ಪಾದ್ರಿ ಜೋಸೆಫ್ ಯೂಗ್‌ಸ್ಟರ್ ಹಬ್ಬಿಸಿದರು.

ನಮ್ಮ ದೇಶದಲ್ಲಿ ಇದು ಚೀನಾದ ಆಕ್ಯುಪ್ರೆಶರಿನ ಜೊತೆ ಕಲೆತುಹೋಯಿತು. ಅದರ ದಾರಿ ಬೇರೆ. ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸ್ ಇದ್ದರಲ್ಲ, 1938ರಲ್ಲಿ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿ, ಅದೇ ತಂಡದ ಬಿ. ಕೆ. ಬಸು ಮುಂದೆ ಆಕ್ಯುಪ್ರೆಶರಿಗೆ ಒಡಹುಟ್ಟಾದ ಅಲ್ಲಿನ ಸೂಜಿ ಚಿಕಿತ್ಸೆ ಕಲಿತು ಕಲ್ಕತ್ತಕ್ಕೆ ತಂದರು. ಕರ್ನಾಟಕದಲ್ಲಿ ತುಮಕೂರು ರಸ್ತೆಯ ಜಿಂದಾಲ್, ಧರ್ಮಸ್ಥಳದ ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಗಳಲ್ಲಿ, ಉಜಿರೆಯ ಕಾಲೇಜಿನಂಥ ಕಡೆಗಳಲ್ಲಿ ಇವೆಲ್ಲ ಒಂದೇ ಸೂರಿನಡಿ ಬಂದವು. ಈಗ ಬೆಂಗಳೂರಿನ ಪಾರ್ಕುಗಳಲ್ಲಿ ಉರುಟು ಕಲ್ಲು ಹಾಸಿದ ಹಾದಿಗಳಿವೆ, ಮಾಲುಗಳಲ್ಲಿ ಫುಟ್ ಸ್ಪಾಗಳಿವೆ.

ಹಾಗಾದರೆ ಆ ನಕ್ಷೆ ನಿಜವೇ? ಚರ್ಮಕ್ಕೂ ಒಳಗಿನ ಅಂಗಕ್ಕೂ ಸಂಬಂಧವೇ ಇಲ್ಲ ಎನ್ನಲಾಗದು. ಹೃದಯಾಘಾತವಾದಾಗ ಎಡತೋಳು ಏಕೆ ನೋಯುತ್ತದೆ? ಎರಡು ಕಡೆಯ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಲಂಡನ್ನಿನ ನರತಜ್ಞ ಹೆನ್ರಿ ಹೆಡ್ 1890ರ ದಶಕದಲ್ಲೇ ಇಂಥ ಚರ್ಮದ ಪಟ್ಟಿಗಳನ್ನು ಗುರುತಿಸಿದರು. ಅಂಗಾಲಿನ ನರಗಳಾದರೋ ಬೆನ್ನುಹುರಿಯ ಕೆಳತುದಿಗೆ ಹೋಗಿ ಸೇರುತ್ತವೆ. ಯಕೃತ್ತಿನಿಂದಲೋ ಶ್ವಾಸಕೋಶದಿಂದಲೋ ಅಂಗಾಲಿನ ಒಂದು ಚುಕ್ಕೆಗೆ ಬರುವ ದಾರಿಯನ್ನು ಅಂಗರಚನೆಯಲ್ಲಿ ಯಾರೂ ತೋರಿಸಿಲ್ಲ. ಒಂದು ಪಂಥದ ನಕ್ಷೆ ಇನ್ನೊಂದರ ನಕ್ಷೆಗೆ ಹೊಂದುವುದಿಲ್ಲ. ಎಡ್ಜಾರ್ಡ್ ಅರ್ನ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಅಂಗಾಲು ಒತ್ತುವ ಈ ಚಿಕಿತ್ಸೆಯ ಲಭ್ಯ ಪ್ರಯೋಗಗಳನ್ನೆಲ್ಲ ತೂಗಿ ನೋಡಿ, ಯಾವ ಕಾಯಿಲೆಗೂ ಇದು ಗುಣ ಕೊಡುತ್ತದೆಂದು ಮನಗಾಣಿಸುವ ಪುರಾವೆ ಇಲ್ಲ ಎಂದರು. ಆಸ್ಟ್ರೇಲಿಯಾ ಸರ್ಕಾರವೂ ಪರಿಶೀಲನೆ ನಡೆಸಿ, 2019ರ ಏಪ್ರಿಲ್‌ನಿಂದ ಆರೋಗ್ಯ ವಿಮೆಯ ಸೌಲಭ್ಯದ ಪಟ್ಟಿಯಿಂದ ಇದನ್ನು ಕೈಬಿಟ್ಟಿತು.

ಇದನ್ನು ಓದಿದಾಗ ನನಗೆ ದೊಡ್ಡಪ್ಪನ ಜಗುಲಿಯ ಬಗ್ಗೆ ಗೌರವ ಕಮ್ಮಿಯಾಗಲಿಲ್ಲ. ದಣಿದ ಕಾಲನ್ನು ಒತ್ತಿದರೆ ಹಾಯೆನಿಸುತ್ತದೆ, ನಿದ್ದೆ ಬರುತ್ತದೆ. ಅದನ್ನು ಅನುಭವಿಸಿದವರಿಗೆ ಪುರಾವೆ ಬೇಡ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿದ್ದ 385 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾದ ಒತ್ತಿಸಿಕೊಂಡವರಿಗೆ ಏದುಸಿರು ತಗ್ಗಿತ್ತು, ದಿನನಿತ್ಯದ ಓಡಾಟ ಸುಧಾರಿಸಿತ್ತು. ಕ್ಯಾನ್ಸರ್ ವಾಸಿಯಾಯಿತೆಂದು ಅವರು ಹೇಳಲಿಲ್ಲ. ಚಿಕಿತ್ಸೆಯ ಕಷ್ಟವನ್ನು ಸಹಿಸಲು ಅನುಕೂಲವಾಯಿತೆಂದರು. ಅಷ್ಟೇ ಆದರೂ ಅದು ಸಣ್ಣದಲ್ಲ. ಅಂಗಾಲು ಒತ್ತಿ ಮಧುಮೇಹ ಬಿಡಿಸುತ್ತೇವೆ, ಹೃದಯದ ಬ್ಲಾಕ್ ತೆಗೆಯುತ್ತೇವೆ, ಮಾತ್ರೆ ನಿಲ್ಲಿಸಿ ಎನ್ನುವವರನ್ನು ಮಾತ್ರ ನಂಬಬೇಡಿ.

ಆ ರಾತ್ರಿಯ ನಂತರ ದೊಡ್ಡಪ್ಪ ತಮ್ಮ ಕ್ರಮ ಬದಲಿಸಿದರು. ಗೋಡೆಯ ಹಾಳೆ ಹಾಗೇ ಇತ್ತು, ಆದರೆ ಯಾರೇ ಬಂದು ಕೂತರೂ ಮೊದಲು ದೀಪದ ಬೆಳಕಿನಲ್ಲಿ ಬೆರಳ ಸಂದಿ ಬಿಡಿಸಿ ನೋಡುವುದು, ಕಣ್ಣು ಮುಚ್ಚಿಸಿ ಬೆರಳು ಮುಟ್ಟುವುದು. ಅರಿವು ಸಾಲದು ಅನಿಸಿದರೆ ಒತ್ತದೆ ಆಸ್ಪತ್ರೆಗೆ ಕಳಿಸುವುದು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೂ ಒತ್ತುತ್ತಿರಲಿಲ್ಲ. ಅಂಥ ಕಡೆ ರಕ್ತ ಹೆಪ್ಪುಗಟ್ಟಿರಬಹುದು, ಒತ್ತಿದರೆ ಸಡಿಲವಾಗಿ ಶ್ವಾಸಕೋಶಕ್ಕೆ ಹೋಗಬಹುದು ಎಂದು ಯಾವುದೋ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದರು. ಮೇಸ್ತ್ರಿ ಮೂಟೆ ಹೊರುವುದು ಬಿಟ್ಟು ತೂಕದ ಲೆಕ್ಕಕ್ಕೆ ಕೂತರು. ಕಾಲಿಗೆ ಚಪ್ಪಲಿ ಬಂತು.

ದೊಡ್ಡಪ್ಪ ಟವೆಲು ಮುಚ್ಚಿ ಮಾಡಿದ್ದನ್ನೇ ಬಹಳ ವರ್ಷದ ಮೇಲೆ ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ಒರೆಗೆ ಹಚ್ಚಿ, 2011ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಸಕ್ಕರೆ ಕಾಯಿಲೆ ಇರುವ ಅಪ್ಪ, ಅಮ್ಮ, ಅಜ್ಜಿಯನ್ನು ಇವತ್ತೇ ಕೂರಿಸಿ, ಕಣ್ಣು ಮುಚ್ಚಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಗೊತ್ತಾದಾಗ ಹೇಳಲಿ. ಎರಡು ಅಥವಾ ಹೆಚ್ಚು ಬೆರಳು ಗೊತ್ತಾಗದಿದ್ದರೆ, ಯಾವ ಪಾಯಿಂಟನ್ನೂ ಒತ್ತಿಸದೆ, ಮೊದಲು ಡಾಕ್ಟರಿಗೆ ಆ ಪಾದ ತೋರಿಸಿ.